41 ಸಾವಿರದ ಸಮುದ್ರ: ಮರೀನ್ ಸ್ಟಾರ್ಟರ್ ಸೆಟ್, ಮೂರು ತಿಂಗಳ ನಂತರ

ಹೊನ್ನಾವರದಲ್ಲಿ ಹುಟ್ಟಿ ಬೆಳೆದವನು ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ಸಮುದ್ರದ ನೀರು ಮಾಡಿಕೊಳ್ಳುತ್ತಾನೆ ಅಂದರೆ ಯಾರಿಗಾದರೂ ನಗು ಬರುತ್ತದೆ. ನಮ್ಮ ಅಮ್ಮನಿಗೂ ಬಂತು. ಆದರೆ ಹೋದ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಹೋಗಿ, ನೀರೊಳಗೆ ಮುಖ ಹಾಕಿ ನೋಡಿ ಬಂದ ಮೇಲೆ ತಲೆಯಲ್ಲಿ ಅದೊಂದೇ ಕೂತಿತ್ತು. ಇಷ್ಟು ವರ್ಷ ದಡದಲ್ಲಿ ನಿಂತು ಮೀನು ಕೊಂಡಿದ್ದೇನೆ, ತಿಂದಿದ್ದೇನೆ. ಅವು ಅಲ್ಲಿ ಕೆಳಗೆ ಏನು ಮಾಡುತ್ತಿರುತ್ತವೆ ಅಂತ ನೋಡಿರಲೇ ಇಲ್ಲ.

ಮಾರ್ಚ್‌ನಲ್ಲಿ ನಗರದ ಒಂದು ಅಕ್ವೇರಿಯಂ ಅಂಗಡಿಗೆ ಹೋಗಿ 'ಮರೀನ್ ಸ್ಟಾರ್ಟರ್ ಸೆಟ್', ಅಂದರೆ ಮನೆಯಲ್ಲಿ ಉಪ್ಪು ನೀರಿನ ಮೀನು ಸಾಕಲು ಬೇಕಾದ ಸಾಮಾನಿನ ಕಟ್ಟು ತಗೊಂಡೆ. ಎಲ್ಲ ಒಂದೇ ಬಿಲ್, 41 ಸಾವಿರ. ಅಂಗಡಿಯ ಹೆಸರು ಬೇಡ. ಇಂಥ ಸೆಟ್ ಬೇರೆ ಕಡೆಯೂ ಹೆಚ್ಚುಕಡಿಮೆ ಹೀಗೇ ಇರುತ್ತದೆ, ಅಂಗಡಿಯವರ ಮಾತೂ ಹೀಗೇ ಇರುತ್ತದೆ.

ಏನೇನು ಬಂತು? ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್, ಸ್ಟ್ಯಾಂಡ್, ನೊರೆ ಎಬ್ಬಿಸಿ ಕೊಳೆ ತೆಗೆಯುವ, ನೇತುಹಾಕುವ ಸ್ಕಿಮ್ಮರ್, ನೀರನ್ನು ಅಲೆಯಾಡಿಸುವ ಎರಡು ವೇವ್‌ಮೇಕರ್, ನೀಲಿ-ಬಿಳಿ ಎಲ್‌ಇಡಿ ಲೈಟ್, ಹತ್ತು ಕೆಜಿ ಸೆರಾಮಿಕ್ ಕಲ್ಲು, ಮರಳು, ಏಳು ಕೆಜಿ ಉಪ್ಪಿನ ಬಕೆಟ್, ನೀರಿನ ಉಪ್ಪು ಅಳೆಯುವ ಪ್ಲಾಸ್ಟಿಕ್ಕಿನ ಹೈಡ್ರೋಮೀಟರ್, ಮತ್ತೆ 'ಬ್ಯಾಕ್ಟೀರಿಯಾ' ಅಂತ ಬರೆದ ಒಂದು ಬಾಟಲಿ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಟ್ಯಾಂಕ್ ಚೆನ್ನಾಗಿದೆ. 8 ಎಂಎಂ ಗಾಜು, ಮೂಲೆಗಳಲ್ಲಿ ಸಿಲಿಕಾನ್ ಒಂದೇ ಸಮ ಎಳೆದಿದ್ದಾರೆ, ಒಂದು ಗುಳ್ಳೆ ಇಲ್ಲ. ಲಿಫ್ಟ್ ಇಲ್ಲದ ಮೂರನೇ ಮಹಡಿಗೆ ಇಬ್ಬರು ಹುಡುಗರು ಹೊತ್ತು ತಂದರು. ಅವರಲ್ಲಿ ಒಬ್ಬ ಗುಳ್ಳೆ ಇರುವ ಲೆವೆಲ್ ಪಟ್ಟಿ ಜೇಬಿನಿಂದ ತೆಗೆದು ಸ್ಟ್ಯಾಂಡಿನ ಮೇಲಿಟ್ಟ, ಗುಳ್ಳೆ ಎಡಕ್ಕೆ ಓಡಿತು, ಕಾಲಿನ ಅಡಿಗೆ ಚಿಕ್ಕ ಚಕ್ಕೆ ತುರುಕಿ ಮತ್ತೆ ನೋಡಿದ. ನಾಲ್ಕು ಸಲ. ಆಮೇಲೆ ಥರ್ಮಾಕೋಲ್ ಹಾಸಿ ಟ್ಯಾಂಕ್ ಇಟ್ಟ. ನೀರು ತುಂಬಿದ ಮೇಲೆ ನಾನು ಸ್ಕೇಲ್ ಹಿಡಿದು ಅಳೆದೆ. ಎರಡು ಬದಿಗೂ ಒಂದು ಮಿಲಿಮೀಟರ್ ವ್ಯತ್ಯಾಸ ಇಲ್ಲ. ಅವನಿಗೆ ಮಾತ್ರ ಐದಕ್ಕೆ ಐದು ಸ್ಟಾರ್.

ಹೊರಡುವಾಗ ಅದೇ ಹುಡುಗ ಮೆಟ್ಟಿಲ ಹತ್ತಿರ ನಿಂತು, "ಸಾರ್, ಓನರ್ ಎರಡು ದಿನ ಅಂತಾರೆ. ಮೀನು ಈಗ್ಲೇ ತಗೋಬೇಡಿ, ಒಂದ್ ತಿಂಗ್ಳು ಬಿಟ್ಟು ಬನ್ನಿ" ಅಂದ.

ಉಪ್ಪಿನ ವಿಷಯಕ್ಕೆ ಬರೋಣ. ಅಮ್ಮನ ಮೊದಲ ಪ್ರಶ್ನೆ ಫೋನಿನಲ್ಲೇ ಬಂತು: "ಉಪ್ಪೇ ಬೇಕಾದ್ರೆ ಸಾಣಿಕಟ್ಟೆ ಉಪ್ಪು ಕಳಿಸ್ತಿದ್ದೆ ಅಲ್ದಾ? ಎಂತಕ್ಕೆ ಅಷ್ಟು ದುಡ್ಡು?" ಪ್ರಶ್ನೆ ಸರಿಯಾಗೇ ಇದೆ. ಆದರೆ ಸಾಣಿಕಟ್ಟೆಯಂಥ ಉಪ್ಪಿನಾಗರದಲ್ಲಿ (ಸಮುದ್ರದ ನೀರು ಆರಿಸಿ ಉಪ್ಪು ತೆಗೆಯುವ ಗದ್ದೆ) ನೀರು ಆರುವಾಗ ಕ್ಯಾಲ್ಸಿಯಂ ಜಿಪ್ಸಂ ಆಗಿ ಮೊದಲೇ ಕೆಳಗೆ ಕೂರುತ್ತದೆ, ಮೆಗ್ನೀಷಿಯಂ ಕೊನೆಯ ಕಹಿ ನೀರಿನಲ್ಲಿ ಉಳಿದುಬಿಡುತ್ತದೆ. ನಡುವೆ ನಮ್ಮ ಕೈಗೆ ಬರುವ ಹರಳು ಬಹುಪಾಲು ಬರೀ ಸೋಡಿಯಂ ಕ್ಲೋರೈಡ್. ಸಾರಿಗೆ ಅದು ಸಾಕು. ಹವಳಕ್ಕೆ ಲೀಟರಿಗೆ 400 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಬೇಕು, 1,300ರ ಆಸುಪಾಸು ಮೆಗ್ನೀಷಿಯಂ ಬೇಕು. ಅದನ್ನೆಲ್ಲ ಬೆರೆಸಿ ಕೊಡುತ್ತಾರೆ ಅಂತಲೇ ಈ ಬಕೆಟ್ಟಿಗೆ ಬೆಲೆ. ಹಾಗಾದರೆ ಊರಿಂದ ಸಮುದ್ರದ ನೀರೇ ಕ್ಯಾನಿನಲ್ಲಿ ತರಬಹುದಿತ್ತಲ್ಲ ಅಂತ ನಾನೂ ಯೋಚಿಸಿದ್ದೆ. ನಮ್ಮಲ್ಲಿ ಶರಾವತಿ ಬಂದು ಸೇರುತ್ತಾಳೆ. ದಡದ ನೀರು ಎಷ್ಟು ಉಪ್ಪು, ಎಷ್ಟು ಸಿಹಿ ಅನ್ನುವುದು ಮಳೆ ನೋಡಿಕೊಂಡು ಬದಲಾಗುತ್ತದೆ. ದೋಣಿಯ ಡೀಸೆಲ್ ಬೇರೆ.

ಉಪ್ಪಿಗೆ ನನ್ನ ತಕರಾರಿಲ್ಲ. ನೀರಿಗೆ ಉಪ್ಪು ಹಾಕಿ, ವೇವ್‌ಮೇಕರ್ ಬಿಟ್ಟು ರಾತ್ರಿಯಿಡೀ ತಿರುಗಿಸಿದರೆ ಬೆಳಿಗ್ಗೆ ಗಾಜಿನಂತೆ ತಿಳಿ. ತಕರಾರು ಪ್ರಮಾಣದ್ದು. ಲೀಟರಿಗೆ ಸುಮಾರು 37 ಗ್ರಾಂ ಬೇಕು, ನನ್ನ ಟ್ಯಾಂಕಿಗೆ ನೂರು ಲೀಟರ್ ನೀರು. ತುಂಬಿಸುವಾಗಲೇ ಅರ್ಧ ಬಕೆಟ್ ಖಾಲಿ. ಒಂದು ಸಲ ಅರ್ಧ ನೀರು ಬದಲಾಯಿಸಿದರೆ ಒಂದೂವರೆ ಕೆಜಿಯೂ ಉಳಿಯುವುದಿಲ್ಲ. ಸೆಟ್‌ನಲ್ಲಿ ದೊಡ್ಡ ಬಕೆಟ್ಟೇ ಇರಬೇಕಿತ್ತು.

ನೀರು ಹೇಗಿರಬೇಕು ಅಂತ ಅಂಗಡಿಯಲ್ಲಿ ಯಾರೂ ಕೇಳಲೇ ಇಲ್ಲ. ನಮ್ಮದು ಬೋರ್ ನೀರು, ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಅಳತೆ) 740. ಅಡುಗೆಮನೆಯ ಆರ್‌ಓದಲ್ಲಿ 62ಕ್ಕೆ ಇಳಿಯುತ್ತದೆ. ಕುಡಿಯಲು ಸರಿ, ಇದಕ್ಕೆ ಸೊನ್ನೆ ಬೇಕು, ಇಲ್ಲದಿದ್ದರೆ ಉಳಿದದ್ದು ಪಾಚಿಗೆ ಗೊಬ್ಬರ. ಆ ಉಳಿದ ಲವಣವನ್ನೂ ಹಿಡಿದುಕೊಳ್ಳುವ ಡಿಐ ರೆಸಿನ್ ತುಂಬಿದ ಕೊಳವೆ ಬೇರೆಯಾಗಿ ತರಿಸಿ ಜೋಡಿಸಿದೆ. ಆರ್‌ಓ ಬಿಟ್ಟ ನೀರನ್ನು ಚೆಲ್ಲಲು ಮನಸ್ಸು ಬರಲಿಲ್ಲ. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾದವರು ನಾವು. ಒಂದು ವಾರ ಮನೆಯ ನೆಲ ಫಳಫಳ ಹೊಳೆಯಿತು.

ಇನ್ನು ಆ ಬಾಟಲಿ. ಓನರ್ ಹೇಳಿದ್ದು ಇಷ್ಟು: "ಇದನ್ನ ಸುರೀರಿ, ಎರಡು ದಿನ ಬಿಟ್ಟು ಬಂದು ಮೀನು ತಗೊಂಡು ಹೋಗಿ." ಕೇಳಲು ಎಷ್ಟು ಚೆಂದ, ಅಲ್ವಾ? ಮೀನಿನ ಹಿಕ್ಕೆ, ಉಳಿದ ಆಹಾರ ಕೊಳೆತರೆ ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಈ ಎರಡೂ ಕಲ್ಲಿನ ಸಂದುಗಳಲ್ಲಿ ಮನೆ ಮಾಡುವವರೆಗೆ ಕಾಯುವುದಕ್ಕೇ ಸೈಕ್ಲಿಂಗ್ ಅನ್ನುತ್ತಾರೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಬಾಟಲಿ ಒಳ್ಳೆಯದಾಗಿದ್ದರೆ ಬೇಗ ಆಗುವುದೂ ಉಂಟು. ನನ್ನ ಬಾಟಲಿ ಅಂಗಡಿಯ ಮುಂದಿನ ಗಾಜಿನ ಕಪಾಟಿನಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ ನಿಂತಿತ್ತು.

ಹುಡುಗನ ಮಾತು ತಲೆಯಲ್ಲಿತ್ತಲ್ಲ, ಅದಕ್ಕೇ ಅಮೋನಿಯಾ ಟೆಸ್ಟ್ ಕಿಟ್ ಆನ್‌ಲೈನ್‌ನಲ್ಲಿ ತರಿಸಿದೆ. ಇದು ಸೆಟ್‌ನಲ್ಲಿ ಇರಲಿಲ್ಲ. ಈ 41 ಸಾವಿರದ ಬಗ್ಗೆ ನನ್ನ ದೊಡ್ಡ ದೂರು ಇದೇ. ನೋಡಲು ಬೇಕಾದದ್ದೆಲ್ಲ ಕೊಟ್ಟಿದ್ದಾರೆ, ಅಳೆಯಲು ಬೇಕಾದದ್ದನ್ನು ಬಿಟ್ಟಿದ್ದಾರೆ.

ಮೀನಿಲ್ಲದೆ ಸೈಕಲ್ ಮಾಡಬೇಕಾದರೆ ಅಮೋನಿಯಾ ನಾವೇ ಹಾಕಬೇಕು. ಅದಕ್ಕೆ ಅಮೋನಿಯಂ ಕ್ಲೋರೈಡ್. ಹೆಸರು ಕೇಳಿ ಹೆದರಬೇಡಿ, ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಹೊಗೆ ಎಬ್ಬಿಸುತ್ತಿದ್ದರಲ್ಲ, ಆ ನವಸಾಗರ. ಆದರೆ ಕಲಾಯಿಯವರದ್ದು ಬೇಡ, ಲ್ಯಾಬಿಗೆ ಕೊಡುವ ಶುದ್ಧದ್ದು ತಗೊಳ್ಳಿ. ನೂರು ಲೀಟರಿಗೆ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಅಮೋನಿಯಾ ಬರಿಸಲು ಮುಕ್ಕಾಲು ಗ್ರಾಂಗೂ ಕಡಿಮೆ ಸಾಕು. ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಇದ್ದರೆ ಅನುಕೂಲ.

ಟೆಸ್ಟ್ ಹೀಗೆ. ಗಾಜಿನ ಕೊಳವೆಗೆ ಐದು ಎಂಎಲ್ ಟ್ಯಾಂಕ್ ನೀರು. ಮೊದಲ ಬಾಟಲಿಯಿಂದ ಎಂಟು ಹನಿ, ಎರಡನೆಯದರಿಂದ ಎಂಟು ಹನಿ. ಬಾಟಲಿ ನೆಟ್ಟಗೆ ಹಿಡಿಯಬೇಕು, ಓರೆ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ. ಅಲ್ಲಾಡಿಸಿ ಐದು ನಿಮಿಷ ಇಡಿ. ಹಳದಿಯಾಗಿ ಉಳಿದರೆ ಅಮೋನಿಯಾ ಇಲ್ಲ, ಹಸಿರು ಏರಿದಷ್ಟೂ ಜಾಸ್ತಿ. ಟ್ಯೂಬ್‌ಲೈಟಿನಲ್ಲಿ ನೋಡಿದರೆ ಹಳದಿಯೂ ಹಸಿರಾಗಿ ಕಾಣುತ್ತದೆ. ನಾನು ದಿನಾ ಬೆಳಿಗ್ಗೆ ಬಾಲ್ಕನಿಗೆ ಹೋಗಿ, ಬಿಳಿ ಹಾಳೆಯ ಮುಂದೆ ಹಿಡಿದು ನೋಡುತ್ತಿದ್ದೆ. ಎದುರು ಮನೆಯವರು ಮೂರನೇ ದಿನ "ಶುಗರ್ರಾ?" ಅಂತ ಕೇಳಿದರು.

ಮೊದಲ ದಿನ ಕಡು ಹಸಿರು, 2. ಮೂರನೇ ದಿನ 2. ಆರನೇ ದಿನ 2. ಒಂಬತ್ತನೇ ದಿನವೂ 2. ಬಾಟಲಿಯಲ್ಲಿದ್ದದ್ದು ಬದುಕಿರಲಿಲ್ಲ. ಎರಡನೇ ದಿನ ನಾನು ಮೀನು ಬಿಟ್ಟಿದ್ದರೆ ಅವುಗಳ ಕಥೆ ಅಷ್ಟೇ. ಫೋನ್ ಮಾಡಿ ಹೇಳಿದ್ದಕ್ಕೆ ಓನರ್ ಇನ್ನೊಂದು ಬಾಟಲಿ ತಗೊಳ್ಳಿ ಅಂದರು. ಅರ್ಧ ಬೆಲೆಗಂತೆ.

ಹತ್ತನೇ ದಿನ ಗೆಳೆಯನೊಬ್ಬ ತನ್ನ ನಾಲ್ಕು ವರ್ಷದ ಮರೀನ್ ಟ್ಯಾಂಕಿನಿಂದ ಒಂದು ಹಿಡಿ ಸೆರಾಮಿಕ್ ಉಂಗುರ ಪ್ಲಾಸ್ಟಿಕ್ ಡಬ್ಬದಲ್ಲಿ ಅದೇ ನೀರಿನ ಜೊತೆ ತಂದುಕೊಟ್ಟ. ಹೆಪ್ಪು ಹಾಕಲು ಪಕ್ಕದ ಮನೆಯಿಂದ ಒಂದು ಚಮಚ ಮೊಸರು ತಂದ ಹಾಗೆ. ಹದಿನೈದನೇ ದಿನ ಹಸಿರು ತೆಳುವಾಯಿತು, 1. ನೈಟ್ರೈಟ್ ಟೆಸ್ಟಿನ ಕೊಳವೆ ಮೊದಲ ಸಲ ನೇರಳೆಗೆ ತಿರುಗಿತು. ಅಷ್ಟು ಖುಷಿಯಾಗಿ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ವಿಷ ಬಂತು ಅಂತ ಖುಷಿನಾ?" ಅಂದು ಮತ್ತೆ ಮಲಗಿದಳು. ನೈಟ್ರೈಟ್ ಏರಿ ಕಿಟ್ಟಿನ ಬಣ್ಣದ ಚಾರ್ಟ್ ದಾಟಿಹೋಯಿತು. ಉಪ್ಪು ನೀರಿನಲ್ಲಿ ಕ್ಲೋರೈಡ್ ಇರುವುದರಿಂದ ಅದು ಸಿಹಿ ನೀರಿನಷ್ಟು ಅಪಾಯ ಅಲ್ಲ, ಆದರೂ ಇಳಿಯಲಿ ಅಂತ ಕಾದೆ. ಮೂವತ್ತಮೂರನೇ ದಿನ, ಹಿಂದಿನ ಬೆಳಿಗ್ಗೆ ಹಾಕಿದ 2 ಪಿಪಿಎಂ ಅಮೋನಿಯಾ 24 ಗಂಟೆಯಲ್ಲಿ ಪೂರ್ತಿ ಹಳದಿ, ನೈಟ್ರೈಟ್ ತಿಳಿ ನೀಲಿ. ಎರಡೂ ಸೊನ್ನೆ. ಕೊನೆಗೆ ಉಳಿದ ನೈಟ್ರೇಟ್ ಇಳಿಸಲು ಅರ್ಧ ನೀರು ಬದಲಾಯಿಸಿದೆ.

ನಡುವೆ ಒಂದು ತಪ್ಪು ನನ್ನದೇ. ಏಪ್ರಿಲ್‌ನಲ್ಲಿ ನೀರು 30 ಡಿಗ್ರಿ ಮುಟ್ಟಿತು. ಚಿಲ್ಲರ್‌ಗೆ ದುಡ್ಡಿರಲಿಲ್ಲ, ಚಿಕ್ಕ ಕ್ಲಿಪ್ ಫ್ಯಾನ್ ಹಾಕಿದೆ. ಎರಡೂವರೆ ಡಿಗ್ರಿ ಇಳಿಯಿತು, ಆದರೆ ದಿನಕ್ಕೆ ಒಂದೂವರೆ ಲೀಟರ್ ಆವಿಯಾಗತೊಡಗಿತು. ಅದನ್ನು ಎಂಟು ದಿನ ಉಪ್ಪು ನೀರಿನಿಂದಲೇ ತುಂಬಿಸಿದೆ. ಆವಿಯಾಗುವುದು ಬರೀ ನೀರು, ಉಪ್ಪು ಅಲ್ಲೇ ಉಳಿಯುತ್ತದೆ ಅಂತ ಹೊಳೆಯಲೇ ಇಲ್ಲ. ಉಪ್ಪಿನಾಗರದ ಊರಿನವನಿಗೆ! ಸೆಟ್‌ನ ಹೈಡ್ರೋಮೀಟರ್ ಮಾತ್ರ 1.025, ಅಂದರೆ ಉಪ್ಪು ಸರಿಯಾಗಿದೆ ಅಂತ ತೋರಿಸುತ್ತಲೇ ಇತ್ತು.

ಆಗ ಅಮ್ಮ ಬಂದಿದ್ದರು. ನಾನು ಬೇಡ ಅನ್ನುವಷ್ಟರಲ್ಲಿ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡು, "ಉಪ್ಪು ಜಾಸ್ತಿ ಆಯ್ತು ಮಾರಾಯಾ, ನಮ್ಮ ಸಮುದ್ರ ಇಷ್ಟಿಲ್ಲ" ಅಂದರು. ಕಾಕತಾಳೀಯವೇ ಇರಬಹುದು. ಬೆಳಕು ಬಾಗುವುದರಿಂದ ಉಪ್ಪು ಅಳೆಯುವ ಗೆಳೆಯನ ರಿಫ್ರಾಕ್ಟೋಮೀಟರ್ ತಂದು ನೋಡಿದರೆ 1.029. ಹೈಡ್ರೋಮೀಟರಿನ ಮುಳ್ಳಿಗೆ ಉಪ್ಪು ಕಟ್ಟಿ, ಅದರ ಭಾರಕ್ಕೆ ಮುಳ್ಳು ಕೆಳಗೇ ನಿಂತಿತ್ತು. ಎರಡು ದಿನದಲ್ಲಿ ನಿಧಾನಕ್ಕೆ ಸೊನ್ನೆ ಟಿಡಿಎಸ್ ನೀರು ಸೇರಿಸಿ 1.026ಕ್ಕೆ ತಂದೆ. ಈಗ ನನ್ನದೇ ರಿಫ್ರಾಕ್ಟೋಮೀಟರ್ ಇದೆ, ಅದನ್ನು ಸರಿಮಾಡುವ 35 ಪಿಪಿಟಿ (ಸಾವಿರಕ್ಕೆ 35 ಪಾಲು ಉಪ್ಪು) ದ್ರಾವಣವೂ ಇದೆ. ಹೈಡ್ರೋಮೀಟರ್ ಮಗಳ ಆಟದ ಸಾಮಾನು.

ಲೈಟ್ ಪರವಾಗಿಲ್ಲ. ಸ್ಕಿಮ್ಮರ್ ಮೊದಲ ಎರಡು ವಾರ ಸುಮ್ನೆ ನೊರೆ ಉಕ್ಕಿಸಿತು, ಈಗ ಶಾಂತ. ಸದ್ದು ಇದೆ, ಹಾಲ್‌ನಲ್ಲಿ ಮಲಗುವವರಿಗೆ ಕಷ್ಟ.

ಸೈಕಲ್ ಮುಗಿದ ವಾರಕ್ಕೆ ಮರಳಿನ ಮೇಲೆ ರಾಗಿ ಹಿಟ್ಟು ಉದುರಿಸಿದ ಹಾಗೆ ಕಂದು ಬಣ್ಣ ಬಂತು. ಡಯಾಟಮ್, ಒಂದು ಬಗೆಯ ಸೂಕ್ಷ್ಮ ಪಾಚಿ. ಹೊಸ ಟ್ಯಾಂಕಿಗೆಲ್ಲ ಬರುತ್ತದೆ, ತಾನಾಗಿ ಹೋಗುತ್ತದೆ. ನಾಲ್ಕು ಬಸವನಹುಳು ಬಿಟ್ಟೆ, ಅವು ಗಾಜಿನ ಮೇಲೆ ಗೀಟು ಎಳೆದಂತೆ ತಿಂದುಕೊಂಡು ಹೋದವು. ಮೇ 10ಕ್ಕೆ ಎರಡು ಕ್ಲೌನ್ ಮೀನು ಬಂದವು. ಸಮುದ್ರದಿಂದ ಹಿಡಿದವು ಬೇಡ, ಸಾಕಿ ಮರಿ ಮಾಡಿದವೇ ಬೇಕು ಅಂತ ಕೇಳಿ ತಗೊಂಡೆ. ನಮ್ಮ ದೇಶದಲ್ಲೇ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಅಂದರೆ ಸಿಎಂಎಫ್‌ಆರ್‌ಐನವರು ಇವನ್ನು ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ. ಎರಡರಲ್ಲಿ ದೊಡ್ಡದು ಹೆಣ್ಣಾಗುತ್ತದೆ, ಹುಟ್ಟುವಾಗ ಎಲ್ಲವೂ ಗಂಡೇ. ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿ, "ಸಾರಿಗೂ ಸಾಲುದಿಲ್ಲ" ಅಂದರು.

ಹವಳ? ಇನ್ನೂ ಇಲ್ಲ. ಮೀನು ತರಲು ಹೋದಾಗ ಓನರ್ ದನಿ ತಗ್ಗಿಸಿ, "ರಾಮೇಶ್ವರಂ ಕಡೆಯ ಲೈವ್ ರಾಕ್ ಬಂದಿದೆ, ಮೇಲೆ ಕೋರಲ್ಲೂ ಇದೆ" ಅಂದರು. ಲೈವ್ ರಾಕ್ ಅಂದರೆ ಜೀವಿಗಳು ಅಂಟಿಕೊಂಡೇ ಇರುವ ಸಮುದ್ರದ ಕಲ್ಲು. ಕಲ್ಲು ಹವಳ, ಬೀಸಣಿಗೆಯಂತೆ ಹರಡುವ ಸೀ ಫ್ಯಾನ್, ಕಡಲ್ಗುದುರೆ ಎಲ್ಲ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿದವು. ಹುಲಿ ಇರುವ ಪಟ್ಟಿ ಅದು. ಬೇಡ ಅಂದು ಬಂದೆ. ಈ ಅಂಗಡಿಗೆ ನಾನು ಕೊಡಬಹುದಾಗಿದ್ದ ಒಂದು ಸ್ಟಾರ್ ಅಲ್ಲೇ ಹೋಯಿತು. ಎಲ್ಲಿಂದ ಬಂತು ಅಂತ ಕಾಗದ ತೋರಿಸಿ ಕೊಡುವವರು ಸಿಕ್ಕರೆ ನೋಡೋಣ. ಅಲ್ಲಿಯವರೆಗೆ ಹವಳ ನೋಡಲು ನೇತ್ರಾಣಿ ಇದೆ.

ನೀವು ಶುರು ಮಾಡುವುದಾದರೆ ಇಂಥ ಸೆಟ್‌ನಲ್ಲಿ ಟ್ಯಾಂಕ್, ಸ್ಟ್ಯಾಂಡ್, ವೇವ್‌ಮೇಕರ್ ಮಾತ್ರ ಬಿಡಿಯಾಗಿ ಕೊಡಿ ಅಂತ ಕೇಳಿ. ಕೊಡುತ್ತಾರೆ, ಸ್ವಲ್ಪ ಮುಖ ಗಂಟು ಹಾಕಿಕೊಂಡು. ಉಳಿದ ದುಡ್ಡಿಗೆ ರಿಫ್ರಾಕ್ಟೋಮೀಟರ್, ಡಿಐ ರೆಸಿನ್, ಟೆಸ್ಟ್ ಕಿಟ್, ಕರೆಂಟ್ ಹೋದಾಗ ಓಡುವ ಬ್ಯಾಟರಿ ಏರ್ ಪಂಪ್ ತಗೊಳ್ಳಿ. ನನಗೆ ಇವೆಲ್ಲ ಸೇರಿ ಮೇಲೆ ಒಂಬತ್ತು ಸಾವಿರ ಬಿತ್ತು. ಕಿಟ್ ಕೊಳ್ಳುವಾಗ ಬಾಟಲಿಯ ಮೇಲಿನ ಎಕ್ಸ್‌ಪೈರಿ ನೋಡಿ. ನನ್ನದು ನವೆಂಬರ್‌ವರೆಗೆ ಇದೆ, ಈಗ ಟೆಸ್ಟ್ ವಾರಕ್ಕೊಮ್ಮೆ, ಭಾನುವಾರ ಬೆಳಿಗ್ಗೆ.