ಮಂಡ್ಯ ಹತ್ತಿರದ ಒಂದು ಆಲೆಮನೆ: ಬೆಲ್ಲಕ್ಕೆ ಪೂರ್ತಿ ಅಂಕ, ಪ್ಯಾಕಿಂಗ್‌ಗೆ ಇಲ್ಲ

ಬಣ್ಣ ನೋಡಿ ಮೂಗು ಮುರೀಬೇಡಿ. ಹೈಡ್ರೋಸ್ ಅನ್ನೋ, ಬಣ್ಣ ತಿಳಿ ಮಾಡೋ ರಾಸಾಯನಿಕ ಹಾಕದ ಬೆಲ್ಲ ಸಾಮಾನ್ಯವಾಗಿ ಕಂದು ಬಣ್ಣವೇ. ಅಂಗಡೀಲಿ ಹಳದಿ ಅಚ್ಚು ಹೊಳೆಯೋದು ಹೆಚ್ಚಾಗಿ ಅದರಿಂದಲೇ. ಇಲ್ಲಿ ಕೊಪ್ಪರಿಗೆಗೆ ಬೆಂಡೆಗಿಡದ ಲೋಳೆ ಹಾಕಿ, ಮೇಲೆ ಬಂದ ಕೊಳೆ ತೆಗೀತಾರೆ. ನಡೆಸೋ ಹುಡುಗಿ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದವಳು. "ಅಪ್ಪನ ಬಲವಂತಾನಾ?" ಅಂದೆ.

"ಅಪ್ಪ ಬೇಡ ಅಂತ ಮಾತೇ ಬಿಟ್ಟಿದ್ರು ಕಣಕ್ಕ. ಓದಿದ್ದು ಅವರ ಆಸೆಗೆ, ಇದು ನನ್ನಿಷ್ಟಕ್ಕೆ" ಅಂದ್ಲು, ಪಾಕದಿಂದ ಕಣ್ಣು ತೆಗೀದೆ. ಹದ ತಪ್ಪಿದ್ರೆ ಇಡೀ ಕೊಪ್ಪರಿಗೆ ಹಾಳು, ನೋಡಿ. ಕಬ್ಬಿನ ರೇಟು, ಆಳುಗಳ ಗೋಳು ಎಲ್ಲ ಹೇಳ್ಕೊಂಡ್ಲು. ವಾಪಸ್ ಹೋಗೋ ಮಾತು ಮಾತ್ರ ಬರಲಿಲ್ಲ.

ಬೆಲೆ ಪೇಟೆಗಿಂತ ಜಾಸ್ತಿ. ಹೋಳಿಗೆಗೆ ಹಾಕಿದೆ, ಘಮವೇ ಬೇರೆ. ಪೇಪರಲ್ಲಿ ಸುತ್ತಿ ಕೊಡ್ತಾರೆ, ಮಳೆಗಾಲದಲ್ಲಿ ನೀರೊಡೆಯುತ್ತೆ. ಡಬ್ಬ ತಗೊಂಡು ಹೋಗಿ.