ಬಚ್ಚಲೊಲೆ ಕಟ್ಟಿಗೆಗೆ ಯಾವ ಚೈನ್ ಸಾ?

ಶಿರಸಿ ಕಡೆಯ ಅಡಿಕೆ ತೋಟದ ಮನೆ ನಮ್ಮದು. ಬಚ್ಚಲೊಲೆ ವರ್ಷವಿಡೀ ಉರಿಯಬೇಕು. ಅಡಿಕೆ ಬೇಯಿಸುವ ಹಂಡೆಗೆ ಬೇರೆ ಕಟ್ಟಿಗೆ ಬೇಕು. ಮಳೆ ಹಿಡಿಯುವ ಮೊದಲು ರಾಶಿ ಒಳಗೆ ಬೀಳದಿದ್ದರೆ ಆಷಾಢದಲ್ಲಿ ಬರೀ ಹೊಗೆ. ಕೊಡಲಿ ಹಿಡಿಯುವ ಆಳು ಸಿಗುವುದು ನಿಂತ ಮೇಲೆ ಚೈನ್ ಸಾ, ಅಂದರೆ ಮರ ಕೊಯ್ಯುವ ಮೆಷಿನ್ ಹುಡುಕಿದೆ. ಎರಡು ವರ್ಷದಲ್ಲಿ ನಾಲ್ಕನ್ನು ಕೈಯಲ್ಲಿ ಹಿಡಿದು ನೋಡಿದ್ದಾಯ್ತು.

ಕರೆಂಟಿನದು ಕುಮಟಾದ ಭಾವನ ಮನೆಯಲ್ಲಿತ್ತು. ಅಂಗಳದಲ್ಲಿ ಕೂತು ಗಾಳಿಮರದ ಕೋಲು ತುಂಡು ಮಾಡಲು ಚೆಂದ, ಸದ್ದೂ ಕಡಿಮೆ. ನಮ್ಮಲ್ಲಿ ಸಂಜೆ ವೋಲ್ಟೇಜ್ ಇಳಿದರೆ ಚೈನ್ ಮರದಲ್ಲೇ ನಿಂತುಬಿಡುತ್ತದೆ. ಬೆಟ್ಟಕ್ಕಂತೂ ವೈರ್ ಎಳೆಯಲಾಗದು.

ನಾನು ಮೊದಲು ದುಡ್ಡು ಕೊಟ್ಟದ್ದು 58 ಸಿಸಿ, 22 ಇಂಚು ಬಾರಿನ (ಚೈನ್ ಸುತ್ತುವ ಅಲಗಿನ) ಅಗ್ಗದ ಪೆಟ್ರೋಲ್ ಮೆಷಿನ್ನಿಗೆ. ಅಂಕಿ ನೋಡಿ ಮರುಳಾದೆ. ಬೆಳಿಗ್ಗೆ ಹೇಗೋ ಶುರುವಾಗುತ್ತಿತ್ತು. ಬಿಸಿಯಾದ ಮೇಲೆ ಆಫ್ ಮಾಡಿದರೆ ಹಗ್ಗ ಎಳೆದೆಳೆದು ಭುಜ ಬೀಳುತ್ತಿತ್ತು. ಒಂದು ಲೀಟರ್ ಪೆಟ್ರೋಲಿಗೆ 40 ಮಿಲಿ ಆಯಿಲ್ ಬೆರೆಸಬೇಕಿತ್ತು, ಉಳಿದ ಪೆಟ್ರೋಲ್ ಮೆಷಿನ್ನುಗಳಿಗೆ 20 ಸಾಕು. ಬಾರ್ ಉದ್ದವಾದಷ್ಟೂ ಅರ ಹಾಕಬೇಕಾದ ಹಲ್ಲು ಜಾಸ್ತಿ. ಇನ್ನೊಂದು ಸಂಗತಿ, ಉದ್ದ ಬಾರಿನ ತುದಿ ಕುಂಟೆಯ (ಮರದ ದಿಮ್ಮಿಯ) ಆಚೆ ಎಲ್ಲಿದೆ ಅಂತ ಕಾಣುವುದಿಲ್ಲ. ಒಮ್ಮೆ ತುದಿಯ ಮೇಲ್ಭಾಗ ಇನ್ನೊಂದು ಕೊಂಬೆಗೆ ತಾಗಿ ಮೆಷಿನ್ ಮುಖದ ಕಡೆ ಎಗರಿತು. ಚೈನನ್ನು ತಟ್ಟನೆ ನಿಲ್ಲಿಸುವ ಬ್ರೇಕ್ ಹಿಡಿದದ್ದರಿಂದ ಬಚಾವ್. ಈಗ ಅದು ಅಟ್ಟದಲ್ಲಿದೆ. ಯಾರಿಗಾದರೂ ಕೊಡೋಣ ಅಂದರೆ, "ಸುಮ್ನೆ ಬೈಸಿಕೊಳ್ಳಬೇಡಿ" ಅನ್ನುತ್ತಾಳೆ ನನ್ನಾಕೆ.

ಪಕ್ಕದ ಮನೆಯವರ ಸ್ಟಿಲ್ ಕಂಪನಿಯ ಎಂಎಸ್ 180 ಸಣ್ಣದು, 31.8 ಸಿಸಿ. ಕೊಂಬೆ ಸವರಲು ಇದರಷ್ಟು ಹಿತವಾದದ್ದು ನಾನು ಹಿಡಿದಿಲ್ಲ. ಮೊಣಕಾಲು ದಪ್ಪದವರೆಗೆ ಸಲೀಸು. ಒಣ ಮತ್ತಿಯ ಬುಡಕ್ಕೆ ಇಟ್ಟರೆ ಮಾತ್ರ ತಾಳ್ಮೆ ಬೇಕು.

ಕೊನೆಗೆ ಅದೇ ಕಂಪನಿಯ ಎಂಎಸ್ 250 ತಂದೆ. 45.4 ಸಿಸಿ, ಬಾರ್ ಬಿಟ್ಟು ನಾಲ್ಕೂವರೆ ಕಿಲೋ ಚಿಲ್ಲರೆ. 16 ಇಂಚಿನ ಬಾರನ್ನೇ ಹಾಕಿಸಿದೆ. ಮನೆ ಕಟ್ಟಿಗೆಗೆ ಅದಕ್ಕಿಂತ ಉದ್ದ ಬೇಕಾಗಲಿಲ್ಲ. ದಪ್ಪ ಕುಂಟೆಯನ್ನು ಎರಡೂ ಬದಿಯಿಂದ ಕೊಯ್ದರಾಯ್ತು, ಅಲ್ವಾ?

ಒಣಮರ ಮೆಷಿನ್ನನ್ನೂ ಮನುಷ್ಯನನ್ನೂ ಪರೀಕ್ಷೆ ಮಾಡುತ್ತದೆ. ಒಳಗೆ ಗೆದ್ದಲಿನ ಮಣ್ಣಿದ್ದರೆ ಹೊಸ ಚೈನೂ ಗಳಿಗೆಯಲ್ಲಿ ಮೊಂಡು. ಚಕ್ಕೆ ಬರುವ ಬದಲು ಹಿಟ್ಟಿನಂಥ ಪುಡಿ ಬಂತೆಂದರೆ ನಿಲ್ಲಿಸಿ ಅರ ತೆಗೆಯಬೇಕು. ಅದಕ್ಕೇ ನಾನು ಮೊದಲು ಕೊಡಲಿಯ ಹಿಂಬದಿಯಿಂದ ಬುಡ ಬಡಿದು ಸದ್ದು ಕೇಳುತ್ತೇನೆ. ಪೊಳ್ಳು ಅನ್ನಿಸಿದರೆ ಕೈಬಿಡುತ್ತೇನೆ. ಬೀಳುವ ಬದಿಗೆ ಬಾಯಿ ಕೊಯ್ದು, ಹಿಂದಿನಿಂದ ಕೊಯ್ಯುವಾಗ ನಡುವೆ ಒಂದು ಪಟ್ಟಿ ಬಿಡುತ್ತೇವಲ್ಲ, ಹಸಿಮರದಲ್ಲಿ ಅದು ಬಾಗಿ ಮರವನ್ನು ದಾರಿಗೆ ತರುತ್ತದೆ. ಒಣಮರದಲ್ಲಿ ಅದು ಲಟಕ್ಕನೆ ಮುರಿದು ಮರ ಎತ್ತಲೋ ಬೀಳಬಹುದು. ಮೆಷಿನ್ನಿನ ಅದುರಿಗೇ ಮೇಲಿನ ಕೊಂಬೆ ಕಳಚಿ ಬೀಳುವುದೂ ಉಂಟು. ಹೆಲ್ಮೆಟ್ ಇಲ್ಲದೆ ಬುಡಕ್ಕೆ ಹೋಗುವುದಿಲ್ಲ. ಬೆಟ್ಟದ ಮರವಾದರೆ ಒಣಗಿದ್ದಾದರೂ ಅರಣ್ಯ ಇಲಾಖೆಯವರನ್ನು ಕೇಳಿಯೇ ಕೈ ಹಾಕುತ್ತೇನೆ.

ಕೊಟ್ಟಿಗೆಯ ಮೇಲೆ ವಾಲಿದ್ದ ಒಣ ಹಲಸನ್ನು ನಾನು ಮುಟ್ಟಲಿಲ್ಲ. ಮರ ಹತ್ತಿ, ಹಗ್ಗ ಕಟ್ಟಿ, ತುದಿಯಿಂದ ತುಂಡು ತುಂಡಾಗಿ ಇಳಿಸುವವರನ್ನು ಕರೆಸಿದೆ. ಅವರ ಸೊಂಟದಲ್ಲಿ ತೂಗುತ್ತಿದ್ದದ್ದೂ ಸಣ್ಣ ಮೆಷಿನ್ನೇ.