ಎರಡು ಬೇಸ್, ಎರಡು ವರ್ಷ: ಜಾಸ್ತಿ ಕೊಟ್ಟ ದುಡ್ಡು ಎಲ್ಲಿ ಹೋಯಿತು

ನಮ್ಮ ಬ್ಯಾಂಡಿನ ಕೀಬೋರ್ಡ್ ವಾದಕರು ಮೆದು ಮಾತಿನವರು. ಒಂದು ದಿನ ಅಭ್ಯಾಸದ ನಡುವೆ ಕೈ ಎತ್ತಿ ನಿಲ್ಲಿಸಿದರು. "ನಿಮ್ಮ ಎಫ್ ಸ್ವರ ಪ್ರತಿ ಸಲ ಸ್ವಲ್ಪ ಮೇಲೆ ಹೋಗ್ತಿದೆ" ಅಂದರು. ನಾನು ಟ್ಯೂನರ್ ಸಿಕ್ಕಿಸಿ ನೋಡಿದೆ. ಓಪನ್ ಇ ತಂತಿ, ಅಂದರೆ ಎಲ್ಲೂ ಒತ್ತದೆ ಮೀಟಿದ ಇ ತಂತಿ, ಸರಿಯಾಗಿತ್ತು. ಹನ್ನೆರಡನೇ ಫ್ರೆಟ್‌ನಲ್ಲೂ (ಎಡಗೈ ಒತ್ತುವ ಹಲಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಸರಿಯಾಗಿತ್ತು. ಎಫ್ ಬರುವ ಮೊದಲ ಫ್ರೆಟ್ ಒತ್ತಿದ ಕೂಡಲೇ ಮುಳ್ಳು ಬಲಕ್ಕೆ ಸರಿಯುತ್ತಿತ್ತು. ಆ ಬೇಸ್ ಗಿಟಾರನ್ನು ಆಗಲೇ ಆರು ವರ್ಷದಿಂದ ನುಡಿಸುತ್ತಿದ್ದೆ. ಕೆಳಗಿನ ಸ್ವರಗಳು ಒರಟಾಗಿ ಕೇಳುವುದು ನನ್ನ ಬೆರಳಿನ ತಪ್ಪು ಅಂತಲೇ ನಂಬಿದ್ದೆ.

ತಪ್ಪು ಬೆರಳಿನದಲ್ಲ, ನಟ್‌ನದು. ತಲೆಯ ಹತ್ತಿರ ತಂತಿಗಳು ಕೂರುವ ಆ ಚಿಕ್ಕ ಪಟ್ಟಿಯಲ್ಲಿ ತೋಡುಗಳನ್ನು ಬೇಕಾದಷ್ಟು ಆಳ ಕೊರೆದಿರಲಿಲ್ಲ. ತಂತಿ ಎತ್ತರದಲ್ಲಿ ಕೂತಿದ್ದರೆ ಮೊದಲ ಫ್ರೆಟ್ ಮುಟ್ಟಿಸಲು ಅದನ್ನು ಹೆಚ್ಚು ಬಗ್ಗಿಸಬೇಕು. ಬಗ್ಗಿಸಿದಷ್ಟೂ ಎಳೆತ ಜಾಸ್ತಿಯಾಗುತ್ತದೆ, ಸ್ವರ ಮೇಲೇರುತ್ತದೆ. ಒಂದು ಸಂಜೆ ಕೂತು ಸಣ್ಣ ಅರದಿಂದ ನಾಲ್ಕೂ ತೋಡುಗಳನ್ನು ಚೂರು ಚೂರೇ ಉಜ್ಜಿದೆ. ಪ್ರತಿ ಸಲ ತಂತಿ ಕೂರಿಸಿ, ಟ್ಯೂನ್ ಮಾಡಿ, ನೋಡಿ, ಮತ್ತೆ ಉಜ್ಜಿದೆ. ರಾತ್ರಿ ಊಟದ ಹೊತ್ತಿಗೆ ಎಫ್ ತನ್ನ ಜಾಗಕ್ಕೆ ಬಂದಿತ್ತು. ಎಡಗೈಗೆ ಆದ ಹಗುರ ಇನ್ನೂ ನೆನಪಿದೆ.

ಆಮೇಲೆ ಎರಡು ವರ್ಷದ ಹಿಂದೆ ಒಂದು ದೊಡ್ಡ ಬ್ರ್ಯಾಂಡಿನ ಬೇಸ್ ಕೊಂಡೆ. ಹಳೆಯದರ ಎಂಟು ಪಟ್ಟು ಬೆಲೆ. ಈಗ ಎರಡೂ ನನ್ನ ಹತ್ತಿರ ಇವೆ. ಎರಡೂ ಫೆಂಡರ್ ಕಂಪನಿ ಮೊದಲು ಮಾಡಿದ ಜಾಝ್ ಬೇಸ್ ಮಾದರಿಯವೇ: ನಾಲ್ಕು ತಂತಿ, 34 ಇಂಚಿನ ಸ್ಕೇಲ್ (ತಂತಿಯ ನುಡಿಯುವ ಉದ್ದ), ತಂತಿಯ ಕಂಪನ ಹಿಡಿಯುವ ಎರಡು ಸಿಂಗಲ್ ಕಾಯಿಲ್ ಪಿಕಪ್. ಎರಡರ ಮೇಲೂ ನನಗೆ ದೂರುಗಳಿವೆ. ಒಂದೇ ವಾದ್ಯ ನೋಡಿ ಇಡೀ ಕಂಪನಿಯನ್ನು ಅಳೆಯುವುದು ಸರಿಯಲ್ಲ, ಹಾಗಾಗಿ ಅವುಗಳ ಹೆಸರು ಬೇಡ. ಅಗ್ಗದ್ದು, ದುಬಾರಿಯದು ಅಂತಲೇ ಕರೆಯುತ್ತೇನೆ.

ದುಬಾರಿಯದನ್ನು ಕೈಗೆ ತೆಗೆದುಕೊಂಡ ಮೊದಲ ನಿಮಿಷದಲ್ಲೇ ಎಡಗೈ ಒಪ್ಪಿಬಿಟ್ಟಿತು. ನೆಕ್‌ನ, ಅಂದರೆ ಎಡಗೈ ಹಿಡಿಯುವ ಉದ್ದ ಹಿಡಿಯ, ಅಂಚನ್ನು ಸಣ್ಣಗೆ ಉರುಟಾಗಿಸಿದ್ದಾರೆ. ಬಹಳ ಕಾಲ ಬಳಸಿ ನುಣುಪಾದ ಮರದ ಹಿಡಿಕೆ ಹಿಡಿದ ಹಾಗೆ ಇರುತ್ತದೆ. ಫ್ರೆಟ್‌ನ ತುದಿಗಳು ಎಲ್ಲೂ ಚುಚ್ಚುವುದಿಲ್ಲ. ಅಗ್ಗದ್ದರಲ್ಲಿ ಒಣ ಹವೆ ಬಂದಾಗ ಬೆರಳು ಹಲಗೆಯ ಮರ ಕುಗ್ಗಿ, ಲೋಹದ ತುದಿಗಳು ಹೊರಗೆ ಇಣುಕುತ್ತವೆ. ಅಂಗೈ ಮೇಲೆ ಕೆಳಗೆ ಜಾರಿಸಿದರೆ ಗರಗಸ ಸವರಿದ ಹಾಗೆ ಆಗುತ್ತದೆ. ಅದನ್ನೂ ಅರದಿಂದ ಸರಿ ಮಾಡಬಹುದು, ನಾನು ಮಾಡಿದ್ದೇನೆ. ಆದರೆ ಇಪ್ಪತ್ತು ಫ್ರೆಟ್‌ಗೆ ನಲವತ್ತು ತುದಿ. ಒಂದೊಂದಕ್ಕೂ ಕೂತು ಕೆಲಸ ಮಾಡಬೇಕು. ಆ ಕೆಲಸ ಮಾಡುವಾಗಲೇ ನನಗೆ ಅರ್ಥವಾಗಿದ್ದು, ದುಬಾರಿ ಬೇಸ್‌ನಲ್ಲಿ ನಾವು ಕೊಳ್ಳುವುದು ಹೆಚ್ಚಾಗಿ ಯಾರದೋ ಕೈಯ ಸಮಯವನ್ನು. ಮರವನ್ನು ಕತ್ತರಿಸುವ ಕಂಪ್ಯೂಟರ್ ಯಂತ್ರ ಎರಡೂ ಕಡೆ ಇರುತ್ತದೆ. ಯಂತ್ರ ಮುಗಿಸಿದ ಮೇಲೆ ಅರ ಹಿಡಿದು ಎಷ್ಟು ಹೊತ್ತು ಕೂರುತ್ತಾರೆ ಅನ್ನುವುದರಲ್ಲಿ ವ್ಯತ್ಯಾಸ ಇದೆ.

ಈ ವಾದ್ಯದ ಹುಟ್ಟನ್ನು ನೋಡಿದರೂ ಹಾಗೇ. ಅಮೆರಿಕದ ವಾದ್ಯ ತಯಾರಕ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದಾಗ ಅದು ಶೋಕಿಯ ವಸ್ತುವಾಗಿರಲಿಲ್ಲ. ಆಳೆತ್ತರದ ಡಬಲ್ ಬೇಸ್ ಹೊತ್ತು ತಿರುಗುವವರಿಗೆ, ಅದರ ದನಿ ಗದ್ದಲದಲ್ಲಿ ಮುಳುಗಿಹೋಗುತ್ತಿದ್ದವರಿಗೆ ಮಾಡಿದ ಕೆಲಸದ ಸಾಮಾನು. ಹಲಗೆಯಂಥ ದೇಹ, ಸ್ಕ್ರೂ ಹಾಕಿ ಬಿಗಿದ ನೆಕ್. ಫ್ರೆಟ್ ಇರುವುದರಿಂದ ಸ್ವರ ಕರಾರುವಾಕ್ಕಾಗಿ ಬೀಳುತ್ತದೆ ಅಂತ ಪ್ರಿಸಿಷನ್ ಅನ್ನುವ ಹೆಸರು. ಈಗ ನಾವು ನೋಡುವ, ಎರಡು ತುಂಡಾಗಿ ಕೂರುವ ಪಿಕಪ್ ಬಂದಿದ್ದು 1957ರಲ್ಲಿ. ಜಾಝ್ ಬೇಸ್ ಬಂದಿದ್ದು 1960ರಲ್ಲಿ. ಸುಲಭವಾಗಿ, ಒಂದರ ಹಿಂದೆ ಒಂದರಂತೆ ಮಾಡಲೆಂದೇ ಹುಟ್ಟಿದ ವಿನ್ಯಾಸ ಇದು. ಹಾಗಾಗಿ ಅಗ್ಗದ ಜಾಝ್ ಬೇಸ್ ಚೆನ್ನಾಗಿ ನುಡಿದರೆ ನನಗೆ ಆಶ್ಚರ್ಯವಾಗುವುದಿಲ್ಲ.

ದನಿಯ ವಿಷಯಕ್ಕೆ ಬರುತ್ತೇನೆ. ವಾದಕರ ಜಗಳ ಹೆಚ್ಚಾಗಿ ಇಲ್ಲೇ ನಡೆಯುವುದು.

ಒಂದು ಭಾನುವಾರ ಪೂರ್ತಿ ಎರಡನ್ನೂ ರೆಕಾರ್ಡ್ ಮಾಡಿದೆ. ಎರಡಕ್ಕೂ ಒಂದೇ ಕಂಪನಿಯ ಹೊಸ ನಿಕಲ್ ರೌಂಡ್‌ವೌಂಡ್ (ಉರುಟು ಸರಿಗೆ ಸುತ್ತಿದ) ತಂತಿ, ಒಂದೇ ದಪ್ಪದವು. ಒಂದೇ ಕೇಬಲ್, ನುಡಿಸಿದ್ದೂ ಒಂದೇ ಸಾಲು, ಎರಡೂ ಪಿಕಪ್ ಪೂರ್ತಿ ತೆರೆದು. ಬೇಸ್ ಒಂದನ್ನೇ ಕೇಳಿದಾಗ ವ್ಯತ್ಯಾಸ ಗೊತ್ತಾಗುತ್ತದೆ. ದುಬಾರಿಯದರಲ್ಲಿ ಸ್ವರದ ಮೊದಲ ಏಟು ಹೆಚ್ಚು ಸ್ಪಷ್ಟ, ನಾಲ್ಕೂ ತಂತಿ ಒಂದೇ ಗಟ್ಟಿಯಲ್ಲಿ ಮಾತಾಡುತ್ತವೆ. ಅಗ್ಗದ್ದರಲ್ಲಿ ಡಿ ತಂತಿ ಸ್ವಲ್ಪ ಹಿಂದೆ ನಿಲ್ಲುತ್ತದೆ. ಡ್ರಮ್ಸ್ ಮತ್ತು ಕೀಬೋರ್ಡ್ ಜೊತೆ ಸೇರಿಸಿದ ಮೇಲೆ ಆ ವ್ಯತ್ಯಾಸದಲ್ಲಿ ಮುಕ್ಕಾಲು ಪಾಲು ಕರಗಿಹೋಯಿತು. ಓಪನ್ ಇ ತಂತಿಯ ಮೂಲ ಕಂಪನ ಸುಮಾರು 41 ಹರ್ಟ್ಸ್. ಫೋನಿನ ಸ್ಪೀಕರ್ ಅಷ್ಟು ಕೆಳಗೆ ಇಳಿಯುವುದೇ ಇಲ್ಲ. 82, 123 ಹೀಗೆ ಮೇಲಿನ ಕಂಪನಗಳನ್ನು ಕೇಳಿ ನಮ್ಮ ಕಿವಿ ತಳದ ಸ್ವರವನ್ನು ತಾನೇ ಕಟ್ಟಿಕೊಳ್ಳುತ್ತದೆ. ಅಂದರೆ ಕೇಳುಗರಿಗೆ ತಲುಪುವುದು ಹೆಚ್ಚಾಗಿ ನಡುವಿನ ಭಾಗ. ಅದನ್ನು ಬೆರಳು ಎಲ್ಲಿ ಮೀಟುತ್ತದೆ, ತಂತಿ ಹಳೆಯದೋ ಹೊಸದೋ, ದನಿ ಹೆಚ್ಚಿಸುವ ಆ್ಯಂಪ್ ಹೇಗಿದೆ ಅನ್ನುವುದು ತುಂಬ ಬದಲಿಸುತ್ತದೆ. ಅಗ್ಗದ್ದಕ್ಕೆ ಒಮ್ಮೆ ಒಳ್ಳೆಯ ಪಿಕಪ್ ಹಾಕಿಸಿದ್ದೆ. ನಿಜ ಹೇಳುತ್ತೇನೆ, ಹೊಸ ತಂತಿ ಹಾಕಿದಾಗ ಆದಷ್ಟು ಬದಲಾವಣೆಯೂ ಅದರಿಂದ ಆಗಲಿಲ್ಲ.

ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಮ್ಮ 1962ರ ಪ್ರಿಸಿಷನ್ ಬೇಸ್‌ಗೆ ದಪ್ಪ ಫ್ಲಾಟ್‌ವೌಂಡ್ (ಚಪ್ಪಟೆ ಸರಿಗೆ ಸುತ್ತಿದ) ತಂತಿ ಹಾಕಿ, ಕಡಿದರೆ ಮಾತ್ರ ಬದಲಿಸುತ್ತಿದ್ದರು. ಜಾಝ್ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಫ್ರೆಟ್ ತೆಗೆದ 1962ರ ಜಾಝ್ ಬೇಸ್‌ನ ಹಲಗೆಯ ಮೇಲೆ ಎಪಾಕ್ಸಿ ಅನ್ನುವ ಗಟ್ಟಿ ಅಂಟು ಬಳಿದು ನುಡಿಸಿದರು. ಎರಡೂ ಒಂದೇ ಕಾರ್ಖಾನೆಯ ಅದೇ ಕಾಲದ ಬೇಸ್‌ಗಳು. ದನಿಗಳು ಮಾತ್ರ ಎರಡು ಬೇರೆ ಲೋಕ. ತಂತಿ ಮತ್ತು ಕೈ ಎಷ್ಟು ದೂರ ಒಯ್ಯುತ್ತವೆ ಅಂತ ಯಾರಾದರೂ ಕೇಳಿದರೆ ನಾನು ಇವರಿಬ್ಬರನ್ನೇ ಹೇಳುವುದು.

ಅಗ್ಗದ್ದು ನನ್ನನ್ನು ನಿಜವಾಗಿ ನೋಯಿಸಿದ್ದು ದನಿಯಲ್ಲಲ್ಲ, ಸಣ್ಣ ಸಾಮಾನುಗಳಲ್ಲಿ. ಒಂದು ಕಾರ್ಯಕ್ರಮದಲ್ಲಿ ಎರಡನೇ ಹಾಡಿನ ನಡುವೆ ಕೇಬಲ್ ಸಿಕ್ಕಿಸುವ ಜಾಕ್ ಒಳಗೇ ಸಡಿಲವಾಯಿತು. ಕರಕರ ಅಂದು ದನಿ ನಿಂತೇಹೋಯಿತು. ಬೇಸ್ ಇಲ್ಲದೆ ಹಾಡು ಹೇಗೆ ಟೊಳ್ಳಾಗುತ್ತದೆ ಅಂತ ವೇದಿಕೆಯ ಮೇಲೆ ನಿಂತು ಕೇಳಿದ್ದೇನೆ. ಡ್ರಮ್ಮರ್ ನನ್ನ ಕಡೆ ನೋಡುತ್ತಲೇ ಇಡೀ ಹಾಡು ಮುಗಿಸಿದರು. ಆಮೇಲೆ ಜಾಕ್ ಮತ್ತು ದನಿ ಹೆಚ್ಚು ಕಡಿಮೆ ಮಾಡುವ ವಾಲ್ಯೂಮ್ ಪಾಟ್‌ಗಳನ್ನು ಬದಲಿಸಿದೆ. ಒಂದು ಸೆಟ್ ತಂತಿಯ ಬೆಲೆಗಿಂತ ಕಡಿಮೆಯಲ್ಲಿ ಆಯಿತು. ಅಷ್ಟು ಕಡಿಮೆಯ ಭಾಗವನ್ನು ಕಾರ್ಖಾನೆಯಲ್ಲೇ ಒಳ್ಳೆಯದು ಹಾಕಬಹುದಿತ್ತಲ್ವಾ? ಈ ಸಿಟ್ಟು ನನಗೆ ಇನ್ನೂ ಹೋಗಿಲ್ಲ. ಅಗ್ಗದ ಬೇಸ್ ಕೊಂಡು ವೇದಿಕೆ ಹತ್ತುವವರು ಮೊದಲು ಜಾಕ್ ಬದಲಿಸಿ.

ಇನ್ನು ದುಬಾರಿಯದರ ಮೇಲಿನ ದೂರು. ಅದರ ಜಿ ತಂತಿಯ ಐದನೇ ಫ್ರೆಟ್‌ನಲ್ಲಿ ಸಿ ಸ್ವರ ಸತ್ತಿದೆ. ಮೀಟಿದರೆ ಹುಟ್ಟುತ್ತದೆ, ಆದರೆ ಉಳಿದ ಸ್ವರಗಳು ಇನ್ನೂ ತುಂಬಿಕೊಂಡು ನಿಂತಿರುವಾಗಲೇ ಅದು ಸೊರಗಿಹೋಗುತ್ತದೆ. ಡೆಡ್ ಸ್ಪಾಟ್ ಅನ್ನುವುದು ಇದನ್ನೇ. ನೆಕ್‌ಗೆ ತನ್ನದೇ ಒಂದು ಕಂಪನ ಇದೆ. ತಂತಿಯ ಕಂಪನ ಅದಕ್ಕೆ ಹೊಂದಿದ ಜಾಗದಲ್ಲಿ ತಂತಿಯ ಶಕ್ತಿಯನ್ನು ನೆಕ್ ಹೀರಿಕೊಳ್ಳುತ್ತದೆ. ಸ್ಕ್ರೂ ಹಾಕಿ ಕೂರಿಸಿದ ಉದ್ದ ನೆಕ್‌ಗಳಲ್ಲಿ ಇದು ಹೆಚ್ಚಾಗಿ ಜಿ ತಂತಿಯ ಐದರಿಂದ ಏಳನೇ ಫ್ರೆಟ್ ನಡುವೆ ಸಿಗುತ್ತದೆ. ಎಷ್ಟು ದುಡ್ಡು ಕೊಟ್ಟರೂ ಇದರಿಂದ ಪೂರ್ತಿ ತಪ್ಪಿಸಿಕೊಳ್ಳುವ ಖಾತ್ರಿ ಇಲ್ಲ. ನನ್ನ ಅಗ್ಗದ್ದರಲ್ಲೂ ಇದೆ, ಆದರೆ ಏಳನೇ ಫ್ರೆಟ್ ಹತ್ತಿರ, ಅದೂ ಕಡಿಮೆ. ನಿಧಾನದ ಹಾಡುಗಳಲ್ಲಿ ಆ ಸಿ ಸ್ವರವನ್ನು ಡಿ ತಂತಿಯ ಹತ್ತನೇ ಫ್ರೆಟ್‌ನಲ್ಲಿ ಹಿಡಿಯುವುದನ್ನು ರೂಢಿ ಮಾಡಿಕೊಂಡಿದ್ದೇನೆ. ಮೇಲಾಗಿ ಅದು 4.4 ಕೆಜಿ ತೂಗುತ್ತದೆ. ಅಗ್ಗದ್ದು 3.8. ಮೂರು ಗಂಟೆ ನಿಂತು ನುಡಿಸಿದ ರಾತ್ರಿ ಎಡ ಭುಜಕ್ಕೆ ಆ ಅರ್ಧ ಕೆಜಿ ಚೆನ್ನಾಗಿ ಗೊತ್ತಾಗುತ್ತದೆ.

ಹಾಗಾದರೆ ಎಂಟು ಪಟ್ಟು ಕೊಟ್ಟಿದ್ದಕ್ಕೆ ಬೇಸರವೇ? ಇಲ್ಲ. ಎರಡು ವರ್ಷದಲ್ಲಿ ದುಬಾರಿಯದರ ಟ್ರಸ್ ರಾಡ್ (ನೆಕ್ ಒಳಗೆ ಕೂತು ಅದರ ಬಾಗು ಸರಿಪಡಿಸುವ ಕಂಬಿ) ತಿರುಗಿಸಿದ್ದು ಒಂದೇ ಸಲ. ಅಗ್ಗದ್ದನ್ನು ಹವೆ ಬದಲಾದಾಗಲೆಲ್ಲ ಕಾಲು ಸುತ್ತು ಆ ಕಡೆ, ಕಾಲು ಸುತ್ತು ಈ ಕಡೆ ತಿರುಗಿಸುತ್ತಿರಬೇಕು. ಪೆಟ್ಟಿಗೆ ತೆರೆದರೆ ದುಬಾರಿಯದು ನಿನ್ನೆ ಬಿಟ್ಟ ಹಾಗೇ ಇರುತ್ತದೆ. ವಾರಕ್ಕೆ ನಾಲ್ಕು ದಿನ ನುಡಿಸುವವರಿಗೆ ಇದು ಸಣ್ಣ ವಿಷಯ ಅಲ್ಲ.

ನನಗೆ ಗೊತ್ತಿರುವ ಸ್ಟುಡಿಯೋ ವಾದಕರೊಬ್ಬರು ಅಗ್ಗದ ಬೇಸ್ ಮುಟ್ಟುವುದಿಲ್ಲ. ಫೆಂಡರ್ ಪ್ರಿಸಿಷನ್ ತೆಗೆದುಕೊಂಡು ಹೋದರೆ ಎಂಜಿನಿಯರ್ ಒಂದು ಪ್ರಶ್ನೆ ಕೇಳದೆ ಕೆಲಸ ಶುರು ಮಾಡುತ್ತಾರೆ, ಆ ನಂಬಿಕೆಗೆ ದುಡ್ಡು ಕೊಟ್ಟಿದ್ದೇನೆ ಅನ್ನುತ್ತಾರೆ. ಇನ್ನೊಬ್ಬರು ಊರೂರು ತಿರುಗುವವರು. ದುಬಾರಿಯದನ್ನು ಮನೆಯಲ್ಲಿಟ್ಟು ಸ್ಕ್ವಾಯರ್ ಕ್ಲಾಸಿಕ್ ವೈಬ್ ಹೊರುತ್ತಾರೆ. ಪೆಟ್ಟಿಗೆ ಬಿದ್ದರೂ ಎದೆ ಒಡೆಯುವುದಿಲ್ಲವಂತೆ. ಸ್ಕ್ವಾಯರ್ ಮೊದಲು ತಂತಿ ಮಾಡುವ ಕಂಪನಿ, 1965ರಲ್ಲಿ ಫೆಂಡರ್ ಅದನ್ನು ಕೊಂಡಿತು, 1982ರಿಂದ ಆ ಹೆಸರಿನಲ್ಲಿ ಅಗ್ಗದ ಗಿಟಾರ್‌ಗಳು ಬಂದವು. ಇಬ್ಬರ ಮಾತೂ ನನಗೆ ಸರಿ ಅನ್ನಿಸುತ್ತದೆ. ತಪ್ಪು ಅನ್ನಿಸುವುದು ಮೂರನೇ ಥರದ ಮಾತು: ದೊಡ್ಡ ಬ್ರ್ಯಾಂಡ್ ಇಲ್ಲದಿದ್ದರೆ ಕಲಿಯುವುದೇ ಬೇಡ ಅನ್ನುವುದು. ಎಷ್ಟೋ ಮಕ್ಕಳು ಈ ಮಾತು ಕೇಳಿಯೇ ಶುರು ಮಾಡದೆ ಉಳಿದಿದ್ದಾರೆ.

ಕಲಿಯಲು ಬರುವವರ ಬೇಸ್‌ಗಳು ಸೆಟಪ್‌ಗೆ, ಅಂದರೆ ನುಡಿಸಲು ಹದ ಮಾಡಿಸಲು, ನನ್ನ ಮೇಜಿಗೇ ಬರುತ್ತವೆ. ಅವುಗಳಲ್ಲಿ ಯಮಹಾ ಟಿಆರ್‌ಬಿಎಕ್ಸ್‌ಗಳ ಮೇಲೆ ನನಗೆ ಪ್ರೀತಿ ಜಾಸ್ತಿ. ಒಂದು ಹೇಗೋ ಇನ್ನೊಂದೂ ಹಾಗೇ ಇರುತ್ತದೆ, ಅರ ಎತ್ತುವ ಕೆಲಸ ಕಡಿಮೆ. ಚಿಕ್ಕ ಕೈಯವರಿಗೆ ಇಬಾನೆಝ್ ಎಸ್‌ಆರ್ ಸಾಲಿನ ತೆಳು ನೆಕ್ ಹಿಡಿಸುತ್ತದೆ. ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಹೆಸರಿನ ಸೈರ್ ಬೇಸ್‌ಗಳಲ್ಲಿ ನೆಕ್‌ನ ಅಂಚನ್ನು ಉರುಟು ಮಾಡಿರುತ್ತಾರೆ. ನನ್ನ ದುಬಾರಿಯದರಲ್ಲಿ ಎಡಗೈ ಮೆಚ್ಚಿದ್ದೂ ಅದನ್ನೇ ಅಲ್ವಾ? ಮ್ಯೂಸಿಕ್ ಮ್ಯಾನ್ ಕಂಪನಿಯ ಸ್ಟಿಂಗ್‌ರೇ ಮಾದರಿಯ ದನಿ ಬೇಕಾದವರಿಗೆ ಅದರದೇ ಅಗ್ಗದ ಸಾಲು ಸ್ಟರ್ಲಿಂಗ್ ಇದೆ.

ಐದು ತಂತಿಯ ಬೇಸ್ ವಿಷಯದಲ್ಲಿ ಮಾತ್ರ ನನ್ನ ಮಾತು ಬೇರೆ. ಬಿ ತಂತಿ ಸುಮಾರು 31 ಹರ್ಟ್ಸ್‌ಗೆ ಇಳಿಯುತ್ತದೆ. ನೆಕ್ ಗಟ್ಟಿಯಿಲ್ಲದಿದ್ದರೆ ಅದು ಸ್ವರವಾಗುವ ಬದಲು ಬರೀ ಗುಡುಗಾಗುತ್ತದೆ. ಅಲ್ಲಿ ಸ್ವಲ್ಪ ಕಾದು, ದುಡ್ಡು ಕೂಡಿಸಿ, ಮೇಲಿನ ದರ್ಜೆಯದನ್ನೇ ಕೊಳ್ಳಿ ಅನ್ನುತ್ತೇನೆ.

ಯಾವುದೇ ಬೆಲೆಯದಿರಲಿ, ಕೊಳ್ಳುವ ಮೊದಲು ಆ್ಯಂಪ್‌ಗೆ ಹಾಕದೆ ಹತ್ತು ನಿಮಿಷ ನುಡಿಸಿ. ಟ್ಯೂನರ್ ಜೊತೆಗಿರಲಿ, ಪ್ರತಿ ತಂತಿಯ ಮೊದಲ ಫ್ರೆಟ್ ನೋಡಿ. ಜಿ ತಂತಿಯ ಮೇಲೆ ಒಂದೊಂದೇ ಫ್ರೆಟ್ ಹತ್ತುತ್ತಾ ಸ್ವರ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಕೇಳಿ. ಹೆಗಲ ಪಟ್ಟಿ ಹಾಕಿ ನಿಂತು ಎರಡೂ ಕೈ ಬಿಡಿ. ಬೇಸ್‌ನ ತಲೆ ನೆಲದ ಕಡೆ ವಾಲಿದರೆ ಎಡಗೈ ಇಡೀ ಜೀವನ ಅದನ್ನು ಎತ್ತಿ ಹಿಡಿಯಬೇಕಾಗುತ್ತದೆ. ಟ್ರಸ್ ರಾಡ್‌ಗೆ ಎರಡೂ ಕಡೆ ತಿರುಗಲು ಜಾಗ ಇದೆಯೇ ಅಂತ ಗೊತ್ತಿರುವವರಿಂದ ನೋಡಿಸಿ. ಇಷ್ಟರಲ್ಲಿ ಪಾಸಾದ ಅಗ್ಗದ ಬೇಸ್, ಫೇಲಾದ ದುಬಾರಿ ಬೇಸ್ ಎರಡನ್ನೂ ನಾನು ಕಂಡಿದ್ದೇನೆ. ಉಳಿದ ದುಡ್ಡಿನಲ್ಲಿ ಸೆಟಪ್ ಮಾಡಿಸಿ, ತಂತಿ ಬದಲಿಸಿ, ಆಮೇಲೂ ಮಿಕ್ಕರೆ ಆ್ಯಂಪ್‌ಗೆ ಹಾಕಿ.

ನನ್ನ ಎರಡರಲ್ಲಿ ರೆಕಾರ್ಡಿಂಗ್‌ಗೆ ದುಬಾರಿಯದು ಹೋಗುತ್ತದೆ, ಬಯಲಿನ ಕಾರ್ಯಕ್ರಮಗಳಿಗೆ ಅಗ್ಗದ್ದು. ದುಬಾರಿಯದರ ತಲೆಗೆ ಒಂದು ಸಣ್ಣ ಕ್ಲಾಂಪ್ ಬಿಗಿದು ನೋಡಿದೆ. ತೂಕ ಸೇರಿದ್ದರಿಂದ ಸತ್ತ ಸ್ವರ ಐದನೇ ಫ್ರೆಟ್‌ನಿಂದ ನಾಲ್ಕಕ್ಕೆ ಇಳಿಯಿತು. ತಲೆಯಲ್ಲಿ ತಂತಿ ಬಿಗಿಯುವ ತಿರುಗಣೆಗಳ ಜಾಗಕ್ಕೆ ಹಗುರ ಟ್ಯೂನರ್‌ಗಳನ್ನು ಹಾಕಿದರೆ ಅದು ಮೇಲಕ್ಕೆ ಸರಿಯಬೇಕು, ಭುಜಕ್ಕೂ ಸ್ವಲ್ಪ ಆರಾಮ. ನಾಲ್ಕು ಟ್ಯೂನರ್ ತರಿಸಿದ್ದೇನೆ. ಈ ಭಾನುವಾರ ಕೂರಿಸಬೇಕು.